ದೂರದ ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು: ಲೆಕ್ಕ ಹಾಕುವ ಬಗೆ

ಲಂಡನ್ನಿನಿಂದ ನ್ಯೂಯಾರ್ಕಿಗೆ ಎಷ್ಟು ದೂರ ಎಂದು ಹುಡುಕಿದರೆ ಒಂದು ಕಡೆ 5,540 ಕಿ.ಮೀ., ಇನ್ನೊಂದು ಕಡೆ 5,555, ಮತ್ತೊಂದು ಕಡೆ 5,570 ಎಂದು ಸಿಗುತ್ತದೆ. ಸಮಯ ಕೇಳಿದರಂತೂ ಐದೂವರೆ ಗಂಟೆಯಿಂದ ಎಂಟು ಗಂಟೆಯವರೆಗೆ ಉತ್ತರಗಳಿವೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಒಂದು ಭೂಮಿಯನ್ನು ಪೂರ್ತಿ ದುಂಡಗಿದೆ ಎಂದುಕೊಂಡು ಹಾಕಿದ ಲೆಕ್ಕ, ಇನ್ನೊಂದು ಚಪ್ಪಟೆಯಾದ ಧ್ರುವಗಳನ್ನೂ ಗಣಿಸಿದ್ದು, ಮೂರನೆಯದು ನಿಲ್ದಾಣವನ್ನು ಬಿಟ್ಟು ಊರಿನ ನಡುಮಧ್ಯದಿಂದ ಅಳೆದದ್ದು. ಸಮಯದ ವಿಷಯದಲ್ಲಿ ಒಬ್ಬರು ಗಾಳಿಯಲ್ಲಿದ್ದ ಹೊತ್ತನ್ನಷ್ಟೇ ಹೇಳುತ್ತಾರೆ, ಇನ್ನೊಬ್ಬರು ಬಾಗಿಲು ಮುಚ್ಚಿದಾಗಿನಿಂದ ಬಾಗಿಲು ತೆರೆಯುವವರೆಗೆ ಎಣಿಸುತ್ತಾರೆ. ಯಾವ ಸಂಖ್ಯೆ ಯಾವ ಪ್ರಶ್ನೆಗೆ ಉತ್ತರ ಎಂದು ತಿಳಿದುಕೊಂಡರೆ, ಲೋಕದ ಯಾವ ಎರಡು ನಿಲ್ದಾಣಗಳಿಗಾದರೂ ನೀವೇ ಕಾಗದ, ಕ್ಯಾಲ್ಕುಲೇಟರ್ ಹಿಡಿದು ನಂಬಬಹುದಾದ ಅಂದಾಜು ಮಾಡಬಹುದು. ಇಲ್ಲಿ ಉದ್ದಕ್ಕೂ ಲಂಡನ್ ಹೀಥ್ರೂ ಮತ್ತು ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣಗಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬೇಕಾದಲ್ಲಿ ಮಾತ್ರ ಬೇರೆ ಊರುಗಳಿಗೆ ಹೋಗೋಣ.

ಮೊದಲು ನಿಲ್ದಾಣ ಯಾವುದೆಂದು ಖಚಿತವಾಗಲಿ

ಊರಿನ ಹೆಸರು ಸಾಲದು. ಲಂಡನ್ ಹೆಸರಿನಲ್ಲಿ ಆರು ನಿಲ್ದಾಣಗಳಿವೆ: ಹೀಥ್ರೂ, ಗ್ಯಾಟ್‌ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್, ಸಿಟಿ, ಸೌತೆಂಡ್. ನ್ಯೂಯಾರ್ಕಿಗೆ ಜೆಎಫ್‌ಕೆ, ಲಗಾರ್ಡಿಯಾ, ನೂಆರ್ಕ್. ಟೋಕಿಯೊಗೆ ಹನೇಡಾ ಮತ್ತು ನರಿಟಾ. ಪ್ರತಿ ನಿಲ್ದಾಣಕ್ಕೂ ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಅಯಾಟಾ ಕೊಟ್ಟ ಮೂರಕ್ಷರದ ಸಂಕೇತವಿದೆ. ಹೀಥ್ರೂಗೆ ಎಲ್‌ಎಚ್‌ಆರ್, ಜೆಎಫ್‌ಕೆಗೆ ಅದೇ ಜೆಎಫ್‌ಕೆ. ಇದರ ಜೊತೆಗೆ ಇಡೀ ನಗರಕ್ಕೆ ಬೇರೆಯೇ ಸಂಕೇತ ಇರುತ್ತದೆ: ಲಂಡನ್ನಿಗೆ ಎಲ್‌ಒಎನ್, ನ್ಯೂಯಾರ್ಕಿಗೆ ಎನ್‌ವೈಸಿ. ಟಿಕೆಟ್ ಹುಡುಕುವಾಗ ನಗರದ ಸಂಕೇತ ಅನುಕೂಲ, ದೂರ ಅಳೆಯುವಾಗ ಅದರಿಂದ ಉಪಯೋಗವಿಲ್ಲ.

ಒಂದೇ ಹೆಸರಿನ ಊರುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಆಸ್ಟ್ರೇಲಿಯಾದ ಸಿಡ್ನಿಯ ಸಂಕೇತ ಎಸ್‌ವೈಡಿ. ಕೆನಡಾದ ನೋವಾ ಸ್ಕೋಶಿಯಾದಲ್ಲೂ ಒಂದು ಸಿಡ್ನಿ ಇದೆ, ಅದರದು ವೈಕ್ಯೂವೈ. ಸ್ಯಾನ್ ಹೋಸೆ ಕೋಸ್ಟರಿಕಾದಲ್ಲೂ ಇದೆ, ಕ್ಯಾಲಿಫೋರ್ನಿಯಾದಲ್ಲೂ ಇದೆ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನದೂ ಹೌದು, ಅಲಬಾಮಾದ್ದೂ ಹೌದು. ಇಲ್ಲಿ ಎಡವಿದರೆ ಮುಂದಿನ ಲೆಕ್ಕ ಎಷ್ಟು ಕರಾರುವಾಕ್ಕಾಗಿದ್ದರೂ ಅದು ಬೇರೆ ಖಂಡದ ಲೆಕ್ಕ.

ಅಕ್ಷಾಂಶ, ರೇಖಾಂಶ ಬರೆದುಕೊಳ್ಳುವುದು

ಪ್ರತಿ ನಿಲ್ದಾಣಕ್ಕೂ ಅಧಿಕೃತವಾಗಿ ಗೊತ್ತುಮಾಡಿದ ಒಂದು ಬಿಂದು ಇರುತ್ತದೆ. ಸಾಮಾನ್ಯವಾಗಿ ಅದು ರನ್‌ವೇಗಳ ನಡುವಿನ ಕೇಂದ್ರಭಾಗ. ಅಳತೆಗೆ ಆ ಬಿಂದುವೇ ಆಧಾರ. ‘ಅವರ್ ಏರ್‌ಪೋರ್ಟ್ಸ್’ ಎಂಬ ಮುಕ್ತ ದತ್ತಾಂಶದಲ್ಲೋ ವಿಕಿಪೀಡಿಯದಲ್ಲೋ ಅದರ ಅಕ್ಷಾಂಶ, ರೇಖಾಂಶ ಸಿಗುತ್ತವೆ. ದಶಮಾಂಶ ಬಿಂದುವಿನ ನಂತರ ಎರಡು ಅಂಕಿ ಸಾಕು. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿ.ಮೀ., ಹಾಗಾಗಿ 0.01 ಡಿಗ್ರಿ ಎಂದರೆ ಸುಮಾರು 1.1 ಕಿ.ಮೀ. ದೊಡ್ಡ ನಿಲ್ದಾಣದ ರನ್‌ವೇಯೇ ಮೂರು, ನಾಲ್ಕು ಕಿ.ಮೀ. ಉದ್ದವಿರುವಾಗ ಅದಕ್ಕಿಂತ ಸೂಕ್ಷ್ಮಕ್ಕೆ ಇಳಿದು ಪ್ರಯೋಜನವಿಲ್ಲ.

ಹೀಥ್ರೂ: ಅಕ್ಷಾಂಶ 51.47, ರೇಖಾಂಶ −0.46.
ಜೆಎಫ್‌ಕೆ: ಅಕ್ಷಾಂಶ 40.64, ರೇಖಾಂಶ −73.78.

ಉತ್ತರ ಮತ್ತು ಪೂರ್ವಕ್ಕೆ ಕೂಡು ಚಿಹ್ನೆ, ದಕ್ಷಿಣ ಮತ್ತು ಪಶ್ಚಿಮಕ್ಕೆ ಕಳೆ ಚಿಹ್ನೆ. ಈ ಹಂತದಲ್ಲಿ ಆಗುವ ತಪ್ಪುಗಳಲ್ಲಿ ಮೂರು ಬಹಳ ಸಾಮಾನ್ಯ.

ಮೊದಲನೆಯದು ಡಿಗ್ರಿ–ನಿಮಿಷವನ್ನು ದಶಮಾಂಶ ಎಂದು ಓದಿಬಿಡುವುದು. 51 ಡಿಗ್ರಿ 28 ನಿಮಿಷ ಎಂದರೆ 51.28 ಅಲ್ಲ, 28ನ್ನು 60ರಿಂದ ಭಾಗಿಸಿ ಸೇರಿಸಬೇಕು, ಆಗ 51.47. ತಪ್ಪಾಗಿ ಬರೆದರೆ ಹೀಥ್ರೂ ಸುಮಾರು 21 ಕಿ.ಮೀ. ದಕ್ಷಿಣಕ್ಕೆ ಸರಿದುಬಿಡುತ್ತದೆ.

ಎರಡನೆಯದು ಕಳೆ ಚಿಹ್ನೆ ಮರೆಯುವುದು. ಇದರ ಕಷ್ಟವೇನೆಂದರೆ, ಕೆಲವೊಮ್ಮೆ ತಪ್ಪು ಕಾಣಿಸುವುದೇ ಇಲ್ಲ. ಲಂಡನ್, ನ್ಯೂಯಾರ್ಕ್ ಎರಡೂ ಪಶ್ಚಿಮ ರೇಖಾಂಶದವು. ಎರಡಕ್ಕೂ ಚಿಹ್ನೆ ಬಿಟ್ಟರೂ ವ್ಯತ್ಯಾಸ ಅಷ್ಟೇ ಬರುತ್ತದೆ, ಉತ್ತರವೂ ಸರಿಯಾಗಿರುತ್ತದೆ. ಅದೇ ಧೈರ್ಯದಲ್ಲಿ ಟೋಕಿಯೊದ ನರಿಟಾದಿಂದ (140.39 ಪೂರ್ವ) ಸ್ಯಾನ್ ಫ್ರಾನ್ಸಿಸ್ಕೊಗೆ (122.38 ಪಶ್ಚಿಮ) ಲೆಕ್ಕ ಹಾಕಿದರೆ ದೂರ ಸುಮಾರು 1,600 ಕಿ.ಮೀ. ಎಂದು ಬರುತ್ತದೆ. ನಿಜವಾದ ದೂರ 8,230ರ ಆಸುಪಾಸು. ಪೆಸಿಫಿಕ್ ಸಾಗರವೇ ಮಾಯ!

ಮೂರನೆಯದು ಅನುಕ್ರಮ ತಿರುಗುಮುರುಗಾಗುವುದು. ನಕ್ಷೆಗಳಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ ಬರೆಯುವುದು ವಾಡಿಕೆ. ಆದರೆ ಕಂಪ್ಯೂಟರಿನಲ್ಲಿ ನಕ್ಷೆಯ ದತ್ತಾಂಶ ಇಡುವ ಜಿಯೊಜೇಸನ್ ಮಾದರಿಯ ಕಡತಗಳಲ್ಲಿ ರೇಖಾಂಶವೇ ಮೊದಲು. ಕಂಪ್ಯೂಟರಿಗೆ ದತ್ತಾಂಶ ತುಂಬಿಸುವವರು ಅಕ್ಷಾಂಶ 90ನ್ನು ದಾಟುವುದೇ ಇಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಸಿಕ್ಕಿಬೀಳುತ್ತದೆ.

ದೂರದ ಲೆಕ್ಕ

ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ ಒಂದು ತುಣುಕು. ಭೂಮಿಯ ಕೇಂದ್ರದ ಮೂಲಕ ಹಾದುಹೋಗುವಂತೆ ಗೋಳವನ್ನು ಕೊಯ್ದರೆ ಅಂಚಿನಲ್ಲಿ ಕಾಣುವ ವೃತ್ತವೇ ಮಹಾವೃತ್ತ. ಇದನ್ನು ಅಳೆಯಲು ಹಾವರ್‌ಸೈನ್ ಸೂತ್ರ ಸಾಕು. ಸೂತ್ರವನ್ನು ಕಂಡು ಹೆದರುವುದು ಬೇಡ, ಇದು ಏಳು ಹೆಜ್ಜೆಯ ಕೆಲಸ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಕೋನ ಅಳೆಯುವ ಇನ್ನೊಂದು ಏಕಮಾನವಾದ ರೇಡಿಯನ್‌ನಲ್ಲಿ ಇದ್ದುಬಿಟ್ಟರೆ ಬರುವ ಉತ್ತರಕ್ಕೆ ತಲೆಬುಡ ಇರುವುದಿಲ್ಲ.

1. ಅಕ್ಷಾಂಶಗಳ ವ್ಯತ್ಯಾಸದ ಅರ್ಧ: (51.47 − 40.64) ÷ 2 = 5.415. ಅದರ ಸೈನ್ 0.0944, ವರ್ಗ 0.0089.
2. ರೇಖಾಂಶಗಳ ವ್ಯತ್ಯಾಸದ ಅರ್ಧ: (73.78 − 0.46) ÷ 2 = 36.66. ಅದರ ಸೈನ್ 0.5971, ವರ್ಗ 0.3565.
3. ಎರಡೂ ಅಕ್ಷಾಂಶಗಳ ಕೊಸೈನ್‌ಗಳ ಗುಣಲಬ್ಧ: 0.6229 × 0.7588 = 0.4727.
4. ಎರಡನೇ ಹೆಜ್ಜೆಯ ವರ್ಗವನ್ನು ಇದರಿಂದ ಗುಣಿಸಿ: 0.3565 × 0.4727 = 0.1685.
5. ಅದಕ್ಕೆ ಮೊದಲ ಹೆಜ್ಜೆಯ ವರ್ಗ ಕೂಡಿಸಿ: 0.1685 + 0.0089 = 0.1774. ವರ್ಗಮೂಲ 0.4212.
6. ಇದರ ವಿಲೋಮ ಸೈನ್ 24.91 ಡಿಗ್ರಿ. ಎರಡರಿಂದ ಗುಣಿಸಿದರೆ 49.82.
7. ಒಂದು ಡಿಗ್ರಿಗೆ 111.195 ಕಿ.ಮೀ. ಲೆಕ್ಕದಲ್ಲಿ 49.82 × 111.195 = ಸುಮಾರು 5,540 ಕಿ.ಮೀ.

ಕೊನೆಯ ಸಂಖ್ಯೆ ಎಲ್ಲಿಂದ ಬಂತೆಂದರೆ, ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಅದರ ಸುತ್ತಳತೆಯನ್ನು 360ರಿಂದ ಭಾಗಿಸಿದರೆ 111.195 ಸಿಗುತ್ತದೆ. ಮೂರನೇ ಹೆಜ್ಜೆಯ ಕೊಸೈನ್‌ಗಳಿಗೂ ಕಾರಣವಿದೆ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆಲ್ಲ ಒಂದಕ್ಕೊಂದು ಹತ್ತಿರವಾಗುತ್ತವೆ. ಸಮಭಾಜಕ ವೃತ್ತದಲ್ಲಿ ಒಂದು ಡಿಗ್ರಿ ರೇಖಾಂಶ 111 ಕಿ.ಮೀ. ಅಗಲವಿದ್ದರೆ, 60ನೇ ಅಕ್ಷಾಂಶದಲ್ಲಿ ಅದರ ಅರ್ಧದಷ್ಟೇ.

ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟಿನಲ್ಲಿ ಮಾಡುವವರಿಗೆ ಒಂದು ಮಾತು: ಅಲ್ಲಿನ ಸೈನ್, ಕೊಸೈನ್ ಯಾವಾಗಲೂ ರೇಡಿಯನ್ ಕೇಳುತ್ತವೆ. ಪ್ರತಿ ಡಿಗ್ರಿಯನ್ನೂ ಮೊದಲು ರೇಡಿಯನ್‌ಗೆ ತಿರುಗಿಸಿ, ಕೊನೆಗೆ ಬಂದ ಕೋನವನ್ನು 111.195ರ ಬದಲು ನೇರವಾಗಿ 6,371ರಿಂದ ಗುಣಿಸಬೇಕು. ವಿಲೋಮ ಸೈನ್ ಬದಲು ಎಟ್ಯಾನ್2 ಬಳಸುವ ಸೂತ್ರವನ್ನು ಬೇರೆ ಕಡೆಯಿಂದ ತಂದರೆ ಇನ್ನೊಂದು ಬಲೆ ಇದೆ. ಎಕ್ಸೆಲ್ ಅದರ ಎರಡು ಬೆಲೆಗಳನ್ನು ಕೇಳುವ ಕ್ರಮ, ಪೈಥಾನ್ ಮುಂತಾದ ಭಾಷೆಗಳು ಕೇಳುವ ಕ್ರಮಕ್ಕೆ ಉಲ್ಟಾ.

ಉತ್ತರ ಸರಿಯಿದೆಯೇ ಎಂದು ನೋಡುವುದು

ಭೂಮಿಯ ಮೇಲೆ ಯಾವ ಎರಡು ಜಾಗಗಳೂ ಅರ್ಧ ಸುತ್ತಳತೆಗಿಂತ, ಅಂದರೆ ಸುಮಾರು 20,015 ಕಿ.ಮೀ.ಗಿಂತ ದೂರ ಇರಲಾರವು. ಉತ್ತರ ಅದನ್ನು ಮೀರಿದರೆ ಎಲ್ಲೋ ಕೋನದ ಲೆಕ್ಕ ಕೆಟ್ಟಿದೆ. ರೇಖಾಂಶಗಳ ವ್ಯತ್ಯಾಸ 180 ಮೀರಿದರೆ ಅದನ್ನು 360ರಿಂದ ಕಳೆಯಿರಿ. ಟೋಕಿಯೊ–ಸ್ಯಾನ್ ಫ್ರಾನ್ಸಿಸ್ಕೊ ವ್ಯತ್ಯಾಸ 262.77, ಕಳೆದರೆ 97.23. ಹಾವರ್‌ಸೈನ್ ಸೂತ್ರ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕೈಯಲ್ಲಿ ಅಂದಾಜು ಮಾಡುವಾಗ ಮಾತ್ರ ನೆನಪಿರಲಿ.

ಇನ್ನು ಮೊದಲು ಹೇಳಿದ 5,540 ಮತ್ತು 5,555ರ ಸಂಗತಿ. ಭೂಮಿ ಪೂರ್ತಿ ಗೋಳವಲ್ಲ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಈ 21 ಕಿ.ಮೀ. ವ್ಯತ್ಯಾಸವನ್ನು ಬಿಟ್ಟುಬಿಟ್ಟಾಗ ಹಾವರ್‌ಸೈನ್ ಉತ್ತರ ಹೆಚ್ಚೆಂದರೆ ಶೇ 0.5ರಷ್ಟು ತಪ್ಪುತ್ತದೆ. ನಮ್ಮ ಉದಾಹರಣೆಯಲ್ಲಿ ತಪ್ಪಿದ್ದು 15 ಕಿ.ಮೀ., ಹಾರಾಟದಲ್ಲಿ ಒಂದು ನಿಮಿಷ. ‘ಗ್ರೇಟ್ ಸರ್ಕಲ್ ಮ್ಯಾಪರ್’ನಂಥ ತಾಣಗಳು ಚಪ್ಪಟೆ ಗೋಳದ ಮೇಲೆಯೇ ಲೆಕ್ಕ ಹಾಕುತ್ತವೆ, ಕರಾರುವಾಕ್ಕಾದ ಸಂಖ್ಯೆ ಬೇಕಾದಾಗ ಅಲ್ಲಿಂದ ತೆಗೆದುಕೊಂಡು, ನಿಮ್ಮ ಲೆಕ್ಕದ ಜೊತೆ ತಾಳೆ ನೋಡಿ. ಶೇ 1ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ತಪ್ಪಿರುವುದು ಭೂಮಿಯ ಆಕಾರದಿಂದಲ್ಲ, ನಿಲ್ದಾಣವನ್ನೋ ಚಿಹ್ನೆಯನ್ನೋ ಇನ್ನೊಮ್ಮೆ ನೋಡಬೇಕು.

ಏಕಮಾನಗಳಿಂದ ಆಗುವ ತಪ್ಪು ಇದಕ್ಕಿಂತ ಎಷ್ಟೋ ದೊಡ್ಡದು. ಪೈಲಟ್‌ಗಳ ಮೈಲಿ ನಾಟಿಕಲ್ ಮೈಲಿ, 1.852 ಕಿ.ಮೀ. ರಸ್ತೆಯ ಮೈಲಿ 1.609 ಕಿ.ಮೀ. ಹೀಥ್ರೂ–ಜೆಎಫ್‌ಕೆ ಹತ್ತಿರ ಹತ್ತಿರ 3,000 ನಾಟಿಕಲ್ ಮೈಲಿ. ಯಾರೋ ಬರೆದ ‘3,000 ಮೈಲಿ’ಯನ್ನು ರಸ್ತೆಯ ಮೈಲಿ ಎಂದುಕೊಂಡರೆ 4,828 ಕಿ.ಮೀ. ಆಗುತ್ತದೆ. 700 ಕಿ.ಮೀ.ಗಿಂತ ಹೆಚ್ಚು, ಅಂದರೆ ಮುಕ್ಕಾಲು ಗಂಟೆಗೂ ಮಿಕ್ಕಿದ ಹಾರಾಟ ಎಲ್ಲೋ ಕಳೆದುಹೋಯಿತು. ನಾಟಿಕಲ್ ಮೈಲಿಯಲ್ಲಿ ಒಂದು ಸೊಗಸೂ ಇದೆ: ಭೂಮಿಯ ಮೇಲೆ ಒಂದು ನಿಮಿಷದ ಕೋನಕ್ಕೆ ಸಿಗುವ ದೂರವೇ ಅದರ ಮೂಲ. ಹಾಗಾಗಿ ಆರನೇ ಹೆಜ್ಜೆಯ 49.82 ಡಿಗ್ರಿಯನ್ನು 60ರಿಂದ ಗುಣಿಸಿದರೆ ಸಾಕು, ದೂರ 2,989 ನಾಟಿಕಲ್ ಮೈಲಿ ಎಂದು ಬಂದುಬಿಡುತ್ತದೆ.

ವಿಮಾನ ಆ ಗೆರೆಯ ಮೇಲೆಯೇ ಹೋಗುವುದಿಲ್ಲ

ಗೋಡೆಯ ನಕ್ಷೆಯಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಹತ್ತಿರದ ದಾರಿಯಲ್ಲ. 1569ರಲ್ಲಿ ಮರ್ಕೇಟರ್ ರೂಪಿಸಿದ ಪ್ರಕ್ಷೇಪ, ಅಂದರೆ ಗೋಳವನ್ನು ಚಪ್ಪಟೆ ಕಾಗದಕ್ಕೆ ಇಳಿಸುವ ವಿಧಾನ, ಧ್ರುವದ ಕಡೆಯ ಭಾಗಗಳನ್ನು ಹಿಗ್ಗಿಸಿ ತೋರಿಸುತ್ತದೆ. ಅದರಲ್ಲಿ ಮಹಾವೃತ್ತದ ದಾರಿ ಉತ್ತರಕ್ಕೆ ಬಾಗಿದ ಬಿಲ್ಲಿನಂತೆ ಕಾಣುತ್ತದೆ. ಒಂದು ಗೋಳವನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಯಾರಿಗಾದರೂ ಇದು ಕಣ್ಣಿಗೇ ಕಾಣುತ್ತದೆ. ನ್ಯೂಯಾರ್ಕ್–ಟೋಕಿಯೊ ದಾರ ಅಲಾಸ್ಕಾದ ಕಡೆಯಿಂದ ಹಾಯುತ್ತದೆ.

ಆ ದಾರಿಗೂ ನಿಜವಾದ ಹಾರಾಟಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಏರುವಾಗ, ಇಳಿಯುವಾಗ ನಿಗದಿತ ಮಾರ್ಗ ಹಿಡಿಯಬೇಕು. ಉತ್ತರ ಅಟ್ಲಾಂಟಿಕ್ ಮೇಲೆ ಗಾಳಿ ನೋಡಿ ದಿನಕ್ಕೆ ಎರಡು ಸಲ ಹೊಸದಾಗಿ ಹಾಕಿಕೊಡುವ ಪಥಗಳಿವೆ. ಯುರೋಪಿನ ಕಡೆ ಹೋಗುವವರಿಗೆ ರಾತ್ರಿ, ಅಮೆರಿಕದ ಕಡೆ ಹೋಗುವವರಿಗೆ ಹಗಲು. ಎರಡು ಎಂಜಿನ್‌ಗಳ ವಿಮಾನ ಒಂದು ಎಂಜಿನ್ ನಿಂತರೂ ನಿಗದಿತ ಸಮಯದೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಂತಿರಬೇಕು. ಟಿಬೆಟ್ ಪ್ರಸ್ಥಭೂಮಿಯನ್ನು ದೂರದ ವಿಮಾನಗಳು ಬಹುಮಟ್ಟಿಗೆ ಬಳಸಿಕೊಂಡು ಹೋಗುವುದಕ್ಕೂ ಇಂಥದೇ ಕಾರಣ. ಒಳಗಿನ ಗಾಳಿಯೊತ್ತಡ ಕುಸಿದರೆ ವಿಮಾನ ಬೇಗನೆ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಸರಾಸರಿ 4,500 ಮೀಟರಿಗಿಂತ, ಅಂದರೆ 14,700 ಅಡಿಗಿಂತ ಎತ್ತರದಲ್ಲಿದೆ.

ಸಾಮಾನ್ಯ ದಿನಗಳಲ್ಲಿ ಮಹಾವೃತ್ತದ ದೂರಕ್ಕೆ ಶೇ 3 ಸೇರಿಸಿ; ಗಿಜಿಗುಡುವ ವಾಯುಪ್ರದೇಶವಾದರೆ ಶೇ 5. ಹೀಥ್ರೂ–ಜೆಎಫ್‌ಕೆಗೆ ಸುಮಾರು 5,700 ಕಿ.ಮೀ. ಹಿಡಿಯೋಣ. ಆದರೆ ವಾಯುಪ್ರದೇಶವೇ ಮುಚ್ಚಿದ್ದರೆ ಈ ಶೇಕಡಾ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಹೆಲ್ಸಿಂಕಿಯಿಂದ ಟೋಕಿಯೊಗೆ ನೇರ ದೂರ ಸುಮಾರು 7,800 ಕಿ.ಮೀ. ರಷ್ಯಾದ ಮೇಲೆ ಹಾರುತ್ತಿದ್ದಾಗ ಒಂಬತ್ತೂವರೆ ಗಂಟೆಯ ಆಸುಪಾಸು. 2022ರಲ್ಲಿ ಆ ಆಕಾಶ ಮುಚ್ಚಿದ ಮೇಲೆ ಫಿನ್ಲೆಂಡಿನ ವಿಮಾನ ಸಂಸ್ಥೆ ಫಿನ್‌ಏರ್ ಉತ್ತರ ಧ್ರುವದ ಮೇಲಿಂದ ಸುತ್ತು ಹಾಕಬೇಕಾಯಿತು, ಪ್ರಯಾಣ ಹದಿಮೂರು ಗಂಟೆಗೆ ಏರಿತು. ಆದ್ದರಿಂದ ಹಳೆಯ ಲೇಖನದಲ್ಲಿ ಓದಿದ ಸಮಯವನ್ನು ನಂಬುವ ಮೊದಲು ಅದು ಯಾವ ವರ್ಷದ್ದು ಎಂದು ನೋಡಿ. ನಿಜವಾದ ದಾರಿ ಯಾವುದೆಂದು ತಿಳಿಯಲು, ವಿಮಾನಗಳ ಹಾದಿ ತೋರಿಸುವ ಫ್ಲೈಟ್‌ರಾಡಾರ್24 ತಾಣದಲ್ಲಿ ಆ ವಿಮಾನದ ಹಿಂದಿನ ಕೆಲವು ದಿನಗಳ ಹಾರಾಟ ತೆರೆದು ನೋಡುವುದೇ ಸುಲಭ.

ದೂರದಿಂದ ಸಮಯಕ್ಕೆ

ಜೆಟ್ ವಿಮಾನದ ವೇಗವನ್ನು ಮ್ಯಾಕ್ ಸಂಖ್ಯೆಯಲ್ಲಿ, ಶಬ್ದದ ವೇಗದ ಎಷ್ಟು ಭಾಗ ಎಂದು ಹೇಳುವುದು ರೂಢಿ. 11 ಕಿ.ಮೀ. ಎತ್ತರದಲ್ಲಿ ಉಷ್ಣಾಂಶ ಮೈನಸ್ 56.5 ಡಿಗ್ರಿಯ ಸುಮಾರಿಗೆ ಇರುತ್ತದೆ, ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ. ದೂರದ ಮಾರ್ಗಗಳ ಬೋಯಿಂಗ್ 787, ಏರ್‌ಬಸ್ ಎ350 ಮ್ಯಾಕ್ 0.85ರಲ್ಲಿ ಹಾರುತ್ತವೆ: ಗಂಟೆಗೆ ಸುಮಾರು 900 ಕಿ.ಮೀ. ಚಿಕ್ಕ ಮೈಕಟ್ಟಿನ ಎ320, 737 ಮ್ಯಾಕ್ 0.78ರ ಹತ್ತಿರ: 830. ಪ್ರೊಪೆಲ್ಲರ್ ಇರುವ ಎಟಿಆರ್ 72 ಆದರೆ ಗಂಟೆಗೆ 500. ಯಾವ ವಿಮಾನ ಎಂಬುದು ಟಿಕೆಟ್ ವಿವರದಲ್ಲೇ ಇರುತ್ತದೆ.

5,700ನ್ನು 900ರಿಂದ ಭಾಗಿಸಿದರೆ 6 ಗಂಟೆ 20 ನಿಮಿಷ. ಇದು ಗಾಳಿ ಬೀಸದ ಆಕಾಶದಲ್ಲಿ, ಮೊದಲಿನಿಂದ ಕೊನೆಯವರೆಗೂ ಪೂರ್ಣ ವೇಗದಲ್ಲಿ ಹೋದಂತೆ ಹಾಕಿದ ಲೆಕ್ಕ. ವೇಳಾಪಟ್ಟಿಯಲ್ಲಿ ಅಚ್ಚಾಗುವುದು ಬ್ಲಾಕ್ ಟೈಮ್, ಅಂದರೆ ನಿಂತ ಜಾಗ ಬಿಟ್ಟ ಕ್ಷಣದಿಂದ ಇನ್ನೊಂದು ಕಡೆ ನಿಂತ ಕ್ಷಣದವರೆಗೆ. ಆದ್ದರಿಂದ ಇದಕ್ಕೆ ಒಟ್ಟು 45 ನಿಮಿಷ ಸೇರಿಸಿ. ರನ್‌ವೇವರೆಗೆ ಉರುಳುವುದಕ್ಕೆ 15ರಿಂದ 20, ಏರಿಳಿತಗಳಲ್ಲಿ ವೇಗ ಕಡಿಮೆಯಾಗುವುದಕ್ಕೆ ಸುಮಾರು 15, ಇಳಿದ ಮೇಲೆ ಗೇಟಿಗೆ ಬರಲು 8–10. ಜನದಟ್ಟಣೆಯ ನಿಲ್ದಾಣದಲ್ಲಿ ಇದು ಒಂದು ಗಂಟೆಗೂ ಹೋಗಬಹುದು. ಹೀಥ್ರೂಗೆ ಬರುವವರನ್ನು ಸರದಿ ಬರುವವರೆಗೆ ಬೋವಿಂಗ್ಡನ್, ಲ್ಯಾಂಬೋರ್ನ್, ಆಕಮ್, ಬಿಗ್ಗಿನ್ ಎಂಬ ನಾಲ್ಕು ಕಡೆ ಆಕಾಶದಲ್ಲೇ ಸುತ್ತು ಹಾಕಿಸುತ್ತಾರೆ.

ಹೀಗೆ ಗಾಳಿಯಿಲ್ಲದ ಲೆಕ್ಕ 7 ಗಂಟೆ 5 ನಿಮಿಷಕ್ಕೆ ಬಂತು. ಹಾರಾಟ ಚಿಕ್ಕದಾದಷ್ಟೂ ಈ 45 ನಿಮಿಷದ ಪಾಲು ದೊಡ್ಡದಾಗುತ್ತದೆ, 400 ಕಿ.ಮೀ. ದೂರಕ್ಕೆ ಹಾರಾಟಕ್ಕಿಂತ ಅದೇ ಹೆಚ್ಚಾದೀತು.

ಗಾಳಿ

ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು ಸಮಯ ಏಕೆ? ಭೂಮಿ ಕೆಳಗೆ ತಿರುಗುತ್ತಿರುವುದರಿಂದ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ವಾತಾವರಣವೂ ಭೂಮಿಯ ಜೊತೆಗೇ ತಿರುಗುತ್ತದೆ, ಅದರೊಳಗಿನ ವಿಮಾನವೂ ಅಷ್ಟೇ. ನಿಜವಾದ ಕಾರಣ ಜೆಟ್ ಸ್ಟ್ರೀಮ್: 9ರಿಂದ 12 ಕಿ.ಮೀ. ಎತ್ತರದಲ್ಲಿ, ಎರಡೂ ಗೋಳಾರ್ಧಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆ. ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವೇನಲ್ಲ. ಧ್ರುವದ ಚಳಿಗೂ ಉಷ್ಣವಲಯದ ಬಿಸಿಗೂ ಅಂತರ ಹೆಚ್ಚಿರುವ ಚಳಿಗಾಲದಲ್ಲಿ ಇದರ ಬಲ ಜಾಸ್ತಿ.

ಲೆಕ್ಕಕ್ಕೆ ಇಡೀ ದಾರಿಯ ಸರಾಸರಿ ಗಾಳಿ ಬೇಕು, ಒಂದೆಡೆಯ ಗರಿಷ್ಠ ಬೇಡ. ಅಟ್ಲಾಂಟಿಕ್ ದಾಟಲು ಗಂಟೆಗೆ 100 ಕಿ.ಮೀ. ಎಂದು ಹಿಡಿದರೆ, ಪಶ್ಚಿಮಕ್ಕೆ ಹೋಗುವಾಗ ನೆಲದ ಮೇಲಿನ ವೇಗ 800: 5,700 ÷ 800 = 7 ಗಂಟೆ 7 ನಿಮಿಷ, 45 ಸೇರಿಸಿದರೆ 7 ಗಂಟೆ 52 ನಿಮಿಷ. ಪೂರ್ವಕ್ಕೆ ಬರುವಾಗ ವೇಗ 1,000: 5 ಗಂಟೆ 42 ನಿಮಿಷ, 45 ಸೇರಿ 6 ಗಂಟೆ 27 ನಿಮಿಷ. ವೇಳಾಪಟ್ಟಿಗಳಲ್ಲಿ ಪಶ್ಚಿಮಕ್ಕೆ ಸುಮಾರು 8 ಗಂಟೆ, ಪೂರ್ವಕ್ಕೆ ಸುಮಾರು 7 ಗಂಟೆ ಕಾಣುತ್ತೀರಿ. ಮಿಕ್ಕ ನಿಮಿಷಗಳು ವಿಮಾನ ಸಂಸ್ಥೆಗಳು ತಡವಾದರೆ ಇರಲಿ ಎಂದು ಸೇರಿಸಿಕೊಂಡ ಹೆಚ್ಚುವರಿ. ‘ಇಪ್ಪತ್ತು ನಿಮಿಷ ಮೊದಲೇ ಬಂದೆವು’ ಎಂಬ ಪ್ರಕಟಣೆಯ ಗುಟ್ಟು ಬಹಳ ಸಲ ಇದೇ.

ಎರಡೂ ದಿಕ್ಕು ಸೇರಿಸಿದರೆ ಗಾಳಿ ಸಮ ಆಗಿಬಿಡುತ್ತದೆ ಎಂದುಕೊಳ್ಳಬೇಡಿ. ಮೇಲಿನ ಹಾರಾಟಗಳ ಮೊತ್ತ 12 ಗಂಟೆ 49 ನಿಮಿಷ. ಗಾಳಿಯೇ ಇಲ್ಲದಿದ್ದರೆ 12 ಗಂಟೆ 40. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು. ಹಾಗಾಗಿ ಕಳೆದುಕೊಂಡದ್ದೆಲ್ಲ ಮರಳಿ ಸಿಗುವುದಿಲ್ಲ.

ಹಿಂಗಾಳಿ ಬಲವಾಗಿದ್ದಾಗ ಏನಾಗುತ್ತದೆ ಎಂಬುದಕ್ಕೆ 2020ರ ಫೆಬ್ರುವರಿ ಸಾಕ್ಷಿ. ಕಿಯಾರಾ ಬಿರುಗಾಳಿಯ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ ಜೆಎಫ್‌ಕೆಯಿಂದ ಹೀಥ್ರೂಗೆ 4 ಗಂಟೆ 56 ನಿಮಿಷದಲ್ಲಿ ಬಂತು. ಶಬ್ದಾತೀತ ಕಾಂಕಾರ್ಡ್ 1996ರ ಫೆಬ್ರುವರಿಯಲ್ಲಿ ಇದೇ ದಾರಿಯನ್ನು 3 ಗಂಟೆಯೊಳಗೆ, 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತ್ತು. ಇನ್ನು ಸಿಂಗಪುರ–ನ್ಯೂಯಾರ್ಕ್ ಹಾರಾಟ 15,300 ಕಿ.ಮೀ.ಗೂ ಹೆಚ್ಚು, 18 ಗಂಟೆ ಮೀರುತ್ತದೆ. ಅಷ್ಟು ದೂರಕ್ಕೆ ಗಾಳಿ ಎಷ್ಟು ಮುಖ್ಯವೆಂದರೆ ಯಾವ ಸಾಗರದ ಮೇಲೆ ಹೋಗಬೇಕು ಎಂಬುದೇ ಅದನ್ನು ನೋಡಿ ಬದಲಾಗುತ್ತದೆ. ಉತ್ತರ–ದಕ್ಷಿಣ ಮಾರ್ಗಗಳಲ್ಲಿ ಈ ಗೋಜು ಕಡಿಮೆ: ಲಂಡನ್–ಜೊಹಾನ್ಸ್‌ಬರ್ಗ್ ಸುಮಾರು 9,070 ಕಿ.ಮೀ., ಎರಡೂ ಕಡೆಗೆ 11 ಗಂಟೆಯ ಆಸುಪಾಸು.

ಟಿಕೆಟ್ಟಿನ ಮೇಲಿನ ಗಡಿಯಾರ

ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ನೇರವಾಗಿ ಒಂದರಿಂದ ಇನ್ನೊಂದನ್ನು ಕಳೆದರೆ ಪ್ರಯಾಣದ ಸಮಯ ಸಿಗುವುದಿಲ್ಲ. ಎರಡನ್ನೂ ಯುಟಿಸಿಗೆ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಆಧಾರ ಸಮಯಕ್ಕೆ ತಿರುಗಿಸಿ, ಆಮೇಲೆ ಕಳೆಯಿರಿ. ಬೇರೆ ಅಡ್ಡದಾರಿ ಬೇಡ.

ಚಳಿಗಾಲದಲ್ಲಿ ಲಂಡನ್ನಿನಿಂದ 11:00ಕ್ಕೆ ಹೊರಟು ನ್ಯೂಯಾರ್ಕನ್ನು 14:00ಕ್ಕೆ ತಲುಪುತ್ತದೆ ಎನ್ನೋಣ. ಲಂಡನ್ ಆಗ ಯುಟಿಸಿಯೇ, ಹಾಗಾಗಿ 11:00. ನ್ಯೂಯಾರ್ಕ್ ಯುಟಿಸಿಗಿಂತ 5 ಗಂಟೆ ಹಿಂದೆ, ಅಲ್ಲಿನ 14:00 ಎಂದರೆ 19:00 ಯುಟಿಸಿ. ಪ್ರಯಾಣ 8 ಗಂಟೆ.

ಇಲ್ಲಿ ಅತಿ ಹೆಚ್ಚು ಜನ ಜಾರುವುದು ಮಾರ್ಚ್‌ನಲ್ಲಿ. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದೂಡುತ್ತದೆ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ಎರಡು–ಮೂರು ವಾರ ವ್ಯತ್ಯಾಸ 5 ಅಲ್ಲ, 4 ಗಂಟೆ. ಹಿಂದಕ್ಕೆ ತರುವಾಗಲೂ ಬ್ರಿಟನ್ ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕ ನವೆಂಬರ್‌ನ ಮೊದಲ ಭಾನುವಾರ. ಮತ್ತೆ ಒಂದು ವಾರ 4 ಗಂಟೆ. ಪೂರ್ಣ ಗಂಟೆಗಳಲ್ಲದ ವಲಯಗಳೂ ಇವೆ: ನೇಪಾಳ ಯುಟಿಸಿಗಿಂತ 5 ಗಂಟೆ 45 ನಿಮಿಷ ಮುಂದೆ, ಅಡಿಲೇಡ್ ಬೇಸಿಗೆಯಲ್ಲದ ತಿಂಗಳುಗಳಲ್ಲಿ 9 ಗಂಟೆ 30 ನಿಮಿಷ. ವಲಯದ ಪಟ್ಟಿ ನೋಡುವುದಕ್ಕಿಂತ, ನೀವು ಹೊರಡುವ ತಾರೀಖಿಗೆ ಆ ಊರಿನಲ್ಲಿ ಯುಟಿಸಿ ವ್ಯತ್ಯಾಸ ಎಷ್ಟು ಎಂದು ನೋಡುವುದು ಒಳ್ಳೆಯದು.

ತಾರೀಖು ರೇಖೆ ದಾಟುವಾಗ ಉತ್ತರ ವಿಚಿತ್ರವಾಗಿ ಕಂಡರೂ ವಿಧಾನ ಅದೇ. ಚಳಿಗಾಲದಲ್ಲಿ ಟೋಕಿಯೊದಿಂದ 17:00ಕ್ಕೆ ಹೊರಟರೆ ಯುಟಿಸಿ 08:00. ಒಂಬತ್ತೂವರೆ ಗಂಟೆ ಹಾರಿದರೆ ಯುಟಿಸಿ 17:30. ಸ್ಯಾನ್ ಫ್ರಾನ್ಸಿಸ್ಕೊ 8 ಗಂಟೆ ಹಿಂದೆ, ಅಂದರೆ ಅದೇ ದಿನ ಬೆಳಿಗ್ಗೆ 9:30. ಹೊರಟ ಹೊತ್ತಿಗಿಂತ ಮೊದಲೇ ತಲುಪಿದಂತಾಯಿತು. ಮರಳಿ ಬರುವಾಗ ಮಧ್ಯಾಹ್ನ 12:00ಕ್ಕೆ ಹೊರಟರೆ ಯುಟಿಸಿ 20:00, 11 ಗಂಟೆ ಸೇರಿಸಿದರೆ ಮರುದಿನ 07:00, ಟೋಕಿಯೊದಲ್ಲಿ ಮರುದಿನ ಸಂಜೆ 4. ಹೋಟೆಲ್ ಕಾದಿರಿಸುವಾಗ ತಲುಪುವ ಸಮಯದ ಪಕ್ಕದಲ್ಲಿ ಚಿಕ್ಕದಾಗಿ ಇರುವ +1, −1 ನೋಡದೆ ಒಂದು ರಾತ್ರಿ ತಪ್ಪಿಸಿಕೊಳ್ಳುವವರು ಬಹಳ.

ನಡುವೆ ಇಳಿದು ಹತ್ತುವುದಿದ್ದರೆ

ಹಾದಿಯಲ್ಲಿ ಒಂದು ನಿಲ್ದಾಣ ಬಂದರೆ ಎರಡು ತುಂಡುಗಳ ದೂರವನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಬೇಕು. ಲಂಡನ್–ಸಿಡ್ನಿ ನೇರ ದೂರ ಸುಮಾರು 17,000 ಕಿ.ಮೀ. ಸಿಂಗಪುರದ ಮೂಲಕ ಹೋದರೆ 10,880 ಮತ್ತು 6,300 ಸೇರಿ ಸುಮಾರು 17,180. ದುಬೈ ಮೂಲಕವಾದರೆ 5,500 ಮತ್ತು 12,040 ಸೇರಿ 17,540. ದೂರ ಶೇ 1ರಿಂದ 3ರಷ್ಟೇ ಹೆಚ್ಚು. ಹೊತ್ತು ತಿನ್ನುವುದು ದೂರವಲ್ಲ. ಇಳಿದು ಮತ್ತೆ ಏರುವ 45 ನಿಮಿಷ ಮತ್ತು ನಡುವಿನ ಕಾಯುವಿಕೆ. ಆದ್ದರಿಂದ ಯಾವ ಊರಿನ ಮೂಲಕ ಹೋಗಬೇಕೆಂದು ನಿರ್ಧರಿಸುವಾಗ ನಕ್ಷೆಗಿಂತ ಮುಂದಿನ ವಿಮಾನ ಎಷ್ಟು ಹೊತ್ತಿಗಿದೆ ಎಂಬುದನ್ನು ನೋಡಿ.

ಪ್ರತಿ ನಿಲ್ದಾಣಕ್ಕೂ ವಿಮಾನ ಬದಲಿಸಲು ಬೇಕಾದ ಕನಿಷ್ಠ ಸಮಯ ಗೊತ್ತುಮಾಡಿರುತ್ತಾರೆ. ಒಂದೇ ಟಿಕೆಟ್ಟಿನಲ್ಲಿ ಕೊಂಡರೆ ಅದನ್ನು ನೋಡಿಯೇ ಜೋಡಿಸಿರುತ್ತಾರೆ. ಎರಡು ಬೇರೆ ಟಿಕೆಟ್ ಕೊಂಡರೆ ಆ ಹೊಣೆ ಪೂರ್ತಿ ನಿಮ್ಮದು. ಸಾಮಾನು ಬಿಡಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕಾಗುವುದರಿಂದ ನಾಲ್ಕು ಗಂಟೆಗಿಂತ ಕಡಿಮೆ ಇಡಬೇಡಿ. ಅಮೆರಿಕದ ಮೂಲಕ ಹಾದುಹೋಗುವವರು ಒಂದೇ ಟಿಕೆಟ್ ಇದ್ದರೂ ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ವಲಸೆ ತಪಾಸಣೆ ಮುಗಿಸಬೇಕು.

ಮನೆಯಿಂದ ಮನೆಗೆ

ಒಟ್ಟು ಸಮಯ ಬೇಕಾದರೆ ಬ್ಲಾಕ್ ಟೈಮ್‌ಗೆ ಇವನ್ನು ಕೂಡಿಸಿ: ನಿಲ್ದಾಣಕ್ಕೆ ಹೋಗುವ ಸಮಯ, ಅಂತರರಾಷ್ಟ್ರೀಯ ಹಾರಾಟಕ್ಕೆ 3 ಗಂಟೆ ಮುಂಚೆ ಹಾಜರಿ, ಇಳಿದ ಮೇಲೆ ವಲಸೆ ತಪಾಸಣೆ ಮತ್ತು ಸಾಮಾನಿಗೆ ಒಂದರಿಂದ ಒಂದೂವರೆ ಗಂಟೆ, ಊರಿನೊಳಗೆ ಹೋಗುವ ಸಮಯ. ಎರಡೂ ಕಡೆ ರಸ್ತೆಗೆ ಒಂದೊಂದು ಗಂಟೆ ಹಿಡಿದರೂ ಹೀಥ್ರೂ–ಜೆಎಫ್‌ಕೆಯ 8 ಗಂಟೆ ಹದಿನಾಲ್ಕು ದಾಟುತ್ತದೆ.

ನಿಲ್ದಾಣದ ಆಯ್ಕೆ ನಿಜವಾಗಿ ಪರಿಣಾಮ ಬೀರುವುದು ಇಲ್ಲೇ. ಸ್ಯಾನ್ ಫ್ರಾನ್ಸಿಸ್ಕೊದಿಂದ ಹನೇಡಾಕ್ಕೂ ನರಿಟಾಕ್ಕೂ ಆಕಾಶದಲ್ಲಿ ಕೆಲವೇ ನಿಮಿಷಗಳ ವ್ಯತ್ಯಾಸ. ಆದರೆ ನರಿಟಾ ಟೋಕಿಯೊದ ನಡುಭಾಗದಿಂದ ಸುಮಾರು 60 ಕಿ.ಮೀ., ಹನೇಡಾ ಸುಮಾರು 15. ನರಿಟಾಕ್ಕೆ ಅರ್ಧ ಗಂಟೆ ಮೊದಲು ಇಳಿಯುವ ವಿಮಾನ ಹಿಡಿದರೂ, ಊರಿನೊಳಗೆ ಮೊದಲು ಮುಟ್ಟುವವರು ಹನೇಡಾದಲ್ಲಿ ಇಳಿದವರೇ ಆಗಿರಬಹುದು.